ಕಾರಿಗೆ ಬೆಲೆ ಕಟ್ಟಿಸುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹುಬ್ಬಳ್ಳಿಯಲ್ಲಿ ವಿಮಾ ಸರ್ವೇಯರ್ ಆಗಿ, ಅಂದರೆ ಕ್ಲೇಮ್ ಬಂದಾಗ ಗಾಡಿಯ ನಷ್ಟ ಲೆಕ್ಕ ಹಾಕುವ ಕೆಲಸ ಮಾಡುವ ನನಗೆ 2025ರ ಜೂನ್ ತಿಂಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ‘ನನ್ನ ಕಾರಿನ ಬೆಲೆ ಇಷ್ಟು ಅಂತ ಬರೆದುಕೊಡುವವರು ಯಾರು?’ ಇದಕ್ಕೆ ಮೊದಲು ನಾನು ತಿರುಗಿ ಕೇಳುವ ಪ್ರಶ್ನೆ ಒಂದಿದೆ. ಆ ಬೆಲೆಯನ್ನು ಯಾರ ಮುಂದೆ ಇಡುತ್ತೀರಿ? ವಿಮಾ ಕಂಪನಿಗೆ ಒಂದು ಲೆಕ್ಕ, ಆದಾಯ ತೆರಿಗೆಗೆ ಇನ್ನೊಂದು, ಕೋರ್ಟಿಗೆ ಮತ್ತೊಂದು. ಎಷ್ಟೋ ಜನ ಇದು ಗೊತ್ತಿಲ್ಲದೆ ಬೇಡದ ವರದಿಗೆ ದುಡ್ಡು ಕೊಡುತ್ತಾರೆ, ಬೇಕಾದ ಕಡೆ ಸುಮ್ಮನಿದ್ದು ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಸ್ವಿಫ್ಟ್. ಏಪ್ರಿಲ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿಗೆ ಗುದ್ದಿ ಮುಂಭಾಗ ಪೂರ್ತಿ ನುಜ್ಜುಗುಜ್ಜಾಗಿದೆ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಶೋರೂಂನವರು 2,90,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಪಾಲಿಸಿಯಲ್ಲಿ ಐಡಿವಿ 3,40,000 ಇದೆ. ವಿಮಾ ಕಂಪನಿಯವರು ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋದಂತೆ ಅನ್ನುತ್ತಿದ್ದಾರೆ. ಆದರೆ ಇಂಥ ಕಾರು ಈಗ ನಾಲ್ಕೂಮುಕ್ಕಾಲು ಲಕ್ಷಕ್ಕೆ ಕಮ್ಮಿ ಸಿಗಲ್ಲ. ಖಾಸಗಿಯಾಗಿ ಬೆಲೆ ಕಟ್ಟಿಸಿ ಅಷ್ಟು ಕೊಡಿ ಅಂತ ಕೇಳಬಹುದಾ?
— ಹಾಸನದ ಓದುಗರು

ಉತ್ತರ: ಕೇಳಬಹುದು, ಆದರೆ ಸಿಗುವುದಿಲ್ಲ. ಐಡಿವಿ ಅಂದರೆ ಪಾಲಿಸಿ ಮಾಡಿಸಿದ ದಿನ ನೀವೂ ಕಂಪನಿಯೂ ಒಪ್ಪಿಕೊಂಡ ಬೆಲೆ. ಕಾರು ಪೂರ್ತಿ ಹೋದರೆ ಅವರು ಕೊಡುವ ಗರಿಷ್ಠ ಮೊತ್ತ ಅಷ್ಟೇ. ಈಗ ಯಾವ ವ್ಯಾಲ್ಯುಯರ್ ಎಷ್ಟು ಬರೆದುಕೊಟ್ಟರೂ ಅದು ಏರುವುದಿಲ್ಲ. ಆ ವರದಿಗೆ ದುಡ್ಡು ಹಾಕಬೇಡಿ.

ಇದೇ ನಿಯಮ ನಿಮ್ಮ ಪರವಾಗಿಯೂ ಇದೆ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಾಲಿಸಿ ನಡೆಯುವಷ್ಟು ದಿನ ಟೋಟಲ್ ಲಾಸ್‌ಗೆ ಐಡಿವಿಯೇ ಕಾರಿನ ಬೆಲೆ. ಅದರ ಮೇಲೆ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ. ‘ಮಾರ್ಕೆಟ್ ಬಿದ್ದಿದೆ, ಮೂರು ಲಕ್ಷಕ್ಕೆ ಮುಗಿಸೋಣ’ ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ ಹೂಂ ಅನ್ನಬೇಡಿ. ನಿಮ್ಮದು 1500 ಸಿಸಿಗಿಂತ ಕಮ್ಮಿ ಎಂಜಿನ್, ಹಾಗಾಗಿ ಕಡ್ಡಾಯ ಕಡಿತ 1,000 ರೂಪಾಯಿ. ನೀವಾಗಿ ಬೇರೆ ಕಡಿತ ಒಪ್ಪಿರದಿದ್ದರೆ 3,39,000 ಬರಬೇಕು. ಕಾರು ಎಳೆದುಕೊಂಡು ಹೋದ ಖರ್ಚಿಗೂ 1,500 ರೂಪಾಯಿವರೆಗೆ ಸಿಗುತ್ತದೆ, ಆ ರಸೀದಿ ಇಟ್ಟುಕೊಳ್ಳಿ.

ಇನ್ನು, ಇದು ನಿಜವಾಗಿ ಟೋಟಲ್ ಲಾಸೇ? ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಹಾಗೆ ತೀರ್ಮಾನಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಆ ಗೆರೆ 2,55,000. ಎಸ್ಟಿಮೇಟ್ ಅದನ್ನು ದಾಟಿದೆ ನಿಜ. ಆದರೆ ನೋಡಬೇಕಾದದ್ದು ಶೋರೂಂ ಎಸ್ಟಿಮೇಟ್ ಅಲ್ಲ, ಪಾಲಿಸಿಯ ಷರತ್ತಿನ ಪ್ರಕಾರ ಸರ್ವೇಯರ್ ಹಾಕಿದ ಲೆಕ್ಕ. ಏಳು ವರ್ಷದ ಕಾರಿನಲ್ಲಿ ಬಾನೆಟ್, ಫೆಂಡರ್‌ನಂಥ ಲೋಹದ ಭಾಗಕ್ಕೆ ಶೇ 40 ಸವಕಳಿ. ಬಂಪರ್, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ 50. ಗಾಜಿಗೆ ಸವಕಳಿ ಇಲ್ಲ. ಸರ್ವೇ ವರದಿಯ ಪ್ರತಿ ಕೇಳಿ ಪಡೆಯುವ ಹಕ್ಕು ನಿಮಗಿದೆ. ತರಿಸಿಕೊಂಡು ಒಂದೊಂದೇ ಸಾಲು ಓದಿ.

ಓದಿದ ಮೇಲೂ ನನ್ನ ಸಲಹೆ ಟೋಟಲ್ ಲಾಸ್ ಕಡೆಗೇ. ರಿಪೇರಿ ಮಾಡಿಸಿದರೆ ಆ ಸವಕಳಿಯಷ್ಟೂ ನಿಮ್ಮ ಜೇಬಿನಿಂದ ಹೋಗುತ್ತದೆ. ಮುಂಭಾಗ ಇಷ್ಟು ಜಖಂ ಆದ ಕಾರನ್ನು ನಾಳೆ ಮಾರುವಾಗ ಬೆಲೆಯೂ ಸಿಗುವುದಿಲ್ಲ.

ಜಖಂ ಆದ ಗಾಡಿಯನ್ನು ಗುಜರಿಯವರ ಕೈಗೆ ಕೊಡುವಾಗ ಮಾತ್ರ ತುಂಬಾ ಹುಷಾರು. ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿ ಕೀ ಕೊಟ್ಟು ಬರಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಹೆಸರಿನ ಗಾಡಿಯನ್ನು ಇನ್ಯಾರೋ ಜೋಡಿಸಿ ರಸ್ತೆಗಿಳಿಸಿ ಒಬ್ಬರಿಗೆ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಹೆಸರು ಬದಲಾಗಬೇಕು, ಇಲ್ಲವೇ ಆರ್‌ಸಿ ರದ್ದಾಗಬೇಕು. ಎರಡರಲ್ಲಿ ಒಂದಕ್ಕೆ ಕಾಗದ ನಿಮ್ಮ ಕೈಯಲ್ಲಿರಲಿ.

ಐಡಿವಿಗಿಂತ ಕಮ್ಮಿ ಕೊಡುತ್ತೇವೆ ಅಂದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ತಕರಾರು ಅಲ್ಲಿಗೆ ಬರುತ್ತದೆ. ಒಂದು ವರ್ಷದ ಒಳಗೆ ಹೋಗಬೇಕು.

ಎಲ್ಲ ಓದುಗರಿಗೂ ಇಲ್ಲೇ ಒಂದು ಮಾತು. ಕಾರಿಗೆ ಐದು ವರ್ಷ ಆಗುವವರೆಗೆ ಐಡಿವಿಗೆ ಒಂದು ಪಟ್ಟಿ ಇದೆ: ಮೊದಲ ಆರು ತಿಂಗಳಿಗೆ ಶೇ 5 ಕಡಿತ, ಒಂದು ವರ್ಷದವರೆಗೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದ ಮೇಲೆ ಪಟ್ಟಿ ಇಲ್ಲ, ಇಬ್ಬರೂ ಮಾತಾಡಿ ಒಪ್ಪಿದ್ದೇ ಬೆಲೆ. ಬೆಲೆ ಮಾತಾಡುವ ಸಮಯ ಅಂದರೆ ಇದೇ. ಮೊಬೈಲಿನಲ್ಲಿ ರಿನ್ಯೂ ಮಾಡುವಾಗ ಎಲ್ಲಕ್ಕಿಂತ ಕಮ್ಮಿ ಪ್ರೀಮಿಯಂ ಒತ್ತುತ್ತೇವೆ, ಅಲ್ವಾ? ಅದರ ಪಕ್ಕದಲ್ಲೇ ಐಡಿವಿ ಬದಲಿಸುವ ಜಾಗ ಇರುತ್ತದೆ. ಅಲ್ಲಿ ಕಮ್ಮಿ ಹಾಕಿದರೆ ಪ್ರೀಮಿಯಂನಲ್ಲಿ ಉಳಿಯುವುದು ಸಣ್ಣ ಮೊತ್ತ, ಕಾರು ಹೋದಾಗ ಬೀಳುವ ಪೆಟ್ಟು ಲಕ್ಷದ ಲೆಕ್ಕದ್ದು. ನಿಮ್ಮ ಊರಿನಲ್ಲಿ ಅದೇ ವರ್ಷದ, ಅದೇ ಮಾಡೆಲ್ ಎಷ್ಟಕ್ಕೆ ಮಾರುತ್ತಿದೆ ಅಂತ ನಾಲ್ಕು ಕಡೆ ವಿಚಾರಿಸಿ. ಆಮೇಲೆ ಕಂಪನಿಗೆ ಇಷ್ಟಕ್ಕೆ ಐಡಿವಿ ಹಾಕಿ ಅಂತ ಕೇಳಿ.

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಉಯಿಲು ಬರೆದಿಲ್ಲ. 2017ರ ಡೀಸೆಲ್ ಇನ್ನೋವಾ ಕ್ರಿಸ್ಟಾ ಅವರ ಹೆಸರಲ್ಲೇ ಇದೆ. ನನಗೆ ಇಬ್ಬರು ಅಣ್ಣಂದಿರು, ದೊಡ್ಡಣ್ಣ ಓಡಿಸುತ್ತಿದ್ದಾನೆ. ಪಾಲಿನ ಮಾತು ಬಂದಾಗ ‘ಇದಕ್ಕೆ ಆರು ಲಕ್ಷ ಸಿಕ್ಕಿದರೆ ಹೆಚ್ಚು’ ಅಂದ. ನನಗೆ ಹಾಗನ್ನಿಸುವುದಿಲ್ಲ. ಜಗಳ ಬೇಡ, ಸರಿಯಾದ ಬೆಲೆ ಬೇಕು. ಯಾರಿಂದ ಬರೆಸಲಿ? ಕೋರ್ಟಿಗೆ ಹೋದರೆ ಅದು ನಡೆಯುತ್ತದಾ?
— ಉಡುಪಿಯ ಓದುಗರು

ಉತ್ತರ: ತಂಗಿ, ಬೆಲೆಗಿಂತ ಮೊದಲು ಆ ಕಾರು ಇವತ್ತು ರಸ್ತೆಗಿಳಿಯದ ಹಾಗೆ ನೋಡಿಕೊಳ್ಳಿ. ಪಾಲಿಸಿ ಮಾಡಿಸಿದವರು ತೀರಿಕೊಂಡರೆ ಅದು ಮೂರು ತಿಂಗಳು ಮಾತ್ರ ನಡೆಯುತ್ತದೆ. ಪಾಲಿಸಿಯ ಅವಧಿ ಅದಕ್ಕೂ ಮುಂಚೆ ಮುಗಿದರೆ ಅಲ್ಲಿಗೇ ಕೊನೆ. ಅಷ್ಟರಲ್ಲಿ ವಾರಸುದಾರರು ಮರಣ ಪ್ರಮಾಣಪತ್ರ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಆರ್‌ಸಿಗೂ ಹಾಗೆಯೇ: 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳಲ್ಲಿ ಹೆಸರು ಬದಲಾವಣೆಯ ಅರ್ಜಿ, ಫಾರ್ಮ್ 31, ಕೊಡಬೇಕು. ಎಂಟು ತಿಂಗಳು ಕಳೆದಿವೆ. ಈಗ ಅಣ್ಣನ ಕೈಯಲ್ಲಿ ಅಪಘಾತವಾದರೆ ಪರಿಹಾರದ ಭಾರ ಇಡೀ ಮನೆಯ ಮೇಲೆ ಬೀಳುವ ಅಪಾಯ ಇದೆ. ಇದನ್ನು ಅಣ್ಣನಿಗೆ ಈ ಪುಟ ತೋರಿಸಿಯೇ ಹೇಳಿ. ಪಾಲಿನ ವಿಷಯಕ್ಕಿಂತ ಇದು ಅರ್ಜೆಂಟು.

ಹೆಸರು ಅಣ್ಣನದೇ ಆದರೂ ಹೆದರಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮ ಪಾಲು. ಅಮ್ಮ ಇದ್ದರೆ ಅವರ ಪಾಲನ್ನು ಮರೆಯಬೇಡಿ. ಪತ್ರದಲ್ಲಿ ಅವರ ವಿಷಯ ಬರೆದಿಲ್ಲ.

ಈಗ ಬೆಲೆಗೆ ಬರೋಣ. ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಲೈಸೆನ್ಸ್ ಇರುವ, ಮೋಟಾರು ವಿಭಾಗದ ಸರ್ವೇಯರ್ ಆಗಬಹುದು. ಬ್ಯಾಂಕುಗಳು ಹಳೇ ಕಾರಿನ ಸಾಲಕ್ಕೆ ಇಟ್ಟುಕೊಂಡಿರುವ ಪ್ಯಾನೆಲ್ ವ್ಯಾಲ್ಯುಯರ್ ಆಗಬಹುದು. ‘ರಿಜಿಸ್ಟರ್ಡ್ ವ್ಯಾಲ್ಯುಯರೇ ಬೇಕು’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಕಂಪನಿ ಕಾಯ್ದೆ ಮತ್ತು ದಿವಾಳಿ ಪ್ರಕರಣಗಳಿಗೆ ಬೇಕಾಗುವುದು. ಇಬ್ಬರು ಅಣ್ಣತಮ್ಮಂದಿರೂ ನೀವೂ ಸೇರಿ ಒಬ್ಬರನ್ನು ಒಪ್ಪಿ, ಫೀಸು ಹಂಚಿಕೊಳ್ಳಿ. ಕಾರಿನ ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ಕೇಳುವವರ ಹತ್ತಿರ ಹೋಗಬೇಡಿ. ಬೆಲೆ ಏರಿದರೆ ತನಗೂ ಲಾಭ ಅನ್ನುವವನು ನ್ಯಾಯವಾಗಿ ಬರೆಯುವುದಿಲ್ಲ.

ಬಂದವರು ಏನು ಮಾಡುತ್ತಾರೆ ಅಂತ ನಿಂತು ನೋಡಿ. ಕರಾವಳಿಯ ಕಾರಾದರೆ ನಾನು ಮೊದಲು ನೆಲದ ಮೇಲೆ ಗೋಣಿಚೀಲ ಹಾಸಿ ಕೆಳಗೆ ತೂರುತ್ತೇನೆ. ಇನ್ನೋವಾದ ಸ್ಟೆಪ್ನಿ ಹಿಂದೆ ಅಡಿಯಲ್ಲಿ ನೇತಾಡುತ್ತದೆ. ಅದರ ಮೇಲ್ಗಡೆ ಚಾಸಿಸ್ ಮೇಲೆ ಉಪ್ಪುಗಾಳಿಯ ತುಕ್ಕು ಕೂತಿರುತ್ತದೆ, ಮೇಲಿಂದ ಎಷ್ಟು ಪಾಲಿಶ್ ಹೊಡೆದರೂ ಅಲ್ಲಿಗೆ ಯಾರ ಕೈಯೂ ಹೋಗಿರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯುತ್ತೇನೆ. ಗಟ್ಟಿ ಲೋಹ ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡಿ ಪದರ ಉದುರಿಸುತ್ತದೆ. ಬಾಗಿಲಿನ ಕೆಳ ಅಂಚಿನ ಮಡಿಕೆಯಲ್ಲಿ ಬೆರಳು ಎಳೆದರೂ ಗೊತ್ತಾಗುತ್ತದೆ.

ಆಮೇಲೆ ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಬಾಗಿಲು ಮಾತ್ರ 300 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರದ ಹತ್ತಿರ ಹೋದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಫೆಂಡರ್ ಬೋಲ್ಟಿನ ತಲೆಯ ಮೇಲೆ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಮೀಟರ್ ಅರವತ್ತು ಸಾವಿರ ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಸರ್ವಿಸ್ ದಾಖಲೆ ತರಿಸಿ ನೋಡಲೇಬೇಕು.

ಇದರಲ್ಲಿ ಒಂದನ್ನೂ ಮಾಡದೆ, ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಫೋಟೊ ತರಿಸಿಕೊಂಡು ಬರೆದ ವರದಿಗೆ ಒಂದು ರೂಪಾಯಿಯೂ ಕೊಡಬೇಡಿ. ವರದಿಯಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್, ಮೀಟರ್ ರೀಡಿಂಗ್, ಕಾರು ನೋಡಿದ ದಿನ ಮತ್ತು ಜಾಗ, ಫೋಟೊಗಳು, ಯಾವ ಕಾರಣಕ್ಕೆ ಬೆಲೆ ಕಟ್ಟಿದ್ದು, ಯಾವ ಆಧಾರದ ಮೇಲೆ, ಕೊನೆಗೆ ಸಹಿ ಮತ್ತು ಲೈಸೆನ್ಸ್ ನಂಬರ್ ಇರಲೇಬೇಕು. ಯಾವ ದಿನದ ಬೆಲೆ ಅನ್ನುವುದನ್ನೂ ಮೂವರೂ ಮೊದಲೇ ಒಪ್ಪಿಕೊಳ್ಳಿ. ಅಪ್ಪ ತೀರಿದ ದಿನಕ್ಕೂ ಇವತ್ತಿಗೂ ನಡುವೆ ಅಣ್ಣ ಓಡಿಸಿದ ಕಿಲೋಮೀಟರ್ ಇದೆ. ಅದನ್ನು ಲೆಕ್ಕಕ್ಕೆ ತರಬೇಕಾ ಬೇಡವಾ ಅನ್ನುವುದು ನಿಮ್ಮೊಳಗಿನ ಮಾತು.

ಕೋರ್ಟಿಗೆ ಹೋದರೆ ವರದಿಯ ಕಾಗದ ಒಂದೇ ಸಾಲದು. ಬರೆದವರು ಬಂದು ಸಾಕ್ಷಿ ಹೇಳಬೇಕಾಗುತ್ತದೆ, ಎದುರಿನ ವಕೀಲರು ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಕೆಲಸ ಒಪ್ಪಿಸುವಾಗಲೇ ‘ಬೇಕಾದರೆ ಕೋರ್ಟಿಗೆ ಬರ್ತೀರಾ?’ ಅಂತ ಕೇಳಿಬಿಡಿ. ಕೋರ್ಟೇ ಕಮಿಷನರ್ ನೇಮಿಸಿ ಬೆಲೆ ತಿಳಿದುಕೊಳ್ಳುವ ದಾರಿಯೂ ಇದೆ. ಆದರೆ ಒಂದು ಕಾರಿಗೋಸ್ಕರ ಅಷ್ಟು ದೂರ ಹೋಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮೂವರೂ ನಿಂತು ನೋಡುವಾಗ ಮೀಟರ್ ಹಿಡಿದು ಬೆಲೆ ಕಟ್ಟಿದರೆ ಬಹಳ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಕಂಪನಿ ನನಗೆ ಕೊಟ್ಟಿದ್ದ ಕಾರನ್ನು ನಿವೃತ್ತಿ ಹೊತ್ತಿಗೆ 1,50,000 ರೂಪಾಯಿಗೆ ನನಗೇ ಮಾರುತ್ತಿದ್ದಾರೆ. 2020ರ ಜುಲೈ 10ರಂದು 12 ಲಕ್ಷಕ್ಕೆ ಕೊಂಡು ಅವತ್ತಿನಿಂದಲೇ ಬಳಕೆಗೆ ಇಟ್ಟ ಕಾರು. ನನ್ನ ನಿವೃತ್ತಿ 2025ರ ಜುಲೈ 31ಕ್ಕೆ. ಎಚ್‌ಆರ್‌ನವರು ಜೂನ್ ಕೊನೆಗೇ ವರ್ಗಾವಣೆ ಮುಗಿಸೋಣ ಅನ್ನುತ್ತಿದ್ದಾರೆ. ತೆರಿಗೆಗಾಗಿ ಬೆಲೆ ಕಟ್ಟಿಸಬೇಕಾ?
— ಮೈಸೂರಿನ ಓದುಗರು

ಉತ್ತರ: ಬೇಡ. ಇಲ್ಲಿ ಮಾರ್ಕೆಟ್ ಬೆಲೆಗೆ ಜಾಗವೇ ಇಲ್ಲ. ಕಂಪನಿ ಕೊಂಡ ಬೆಲೆಯಿಂದ, ಬಳಸಿದ ಪ್ರತಿ ಪೂರ್ತಿ ವರ್ಷಕ್ಕೆ ಶೇ 20ರಂತೆ, ಉಳಿದ ಮೊತ್ತದ ಮೇಲೆ ಕಳೆಯುತ್ತಾ ಹೋಗಬೇಕು. ಬಂದ ಮೊತ್ತದಲ್ಲಿ ನೀವು ಕೊಟ್ಟದ್ದನ್ನು ಕಳೆದರೆ, ಉಳಿದದ್ದು ನಿಮ್ಮ ಸಂಬಳಕ್ಕೆ ಸೇರುತ್ತದೆ, ಅದರ ಮೇಲೆ ತೆರಿಗೆ.

‘ಪೂರ್ತಿ ವರ್ಷ’ ಅನ್ನುವುದನ್ನು ಗಮನಿಸಿ. ಜೂನ್ ಕೊನೆಗೆ ನಾಲ್ಕೇ ಪೂರ್ತಿ ವರ್ಷ. ಬೆಲೆ 4,91,520. ಒಂದೂವರೆ ಲಕ್ಷ ಕಳೆದರೆ 3,41,520ಕ್ಕೆ ತೆರಿಗೆ. ಜುಲೈ 10 ಕಳೆದ ಮೇಲೆ ವರ್ಗಾಯಿಸಿದರೆ ಐದು ವರ್ಷ ತುಂಬುತ್ತದೆ. ಬೆಲೆ 3,93,216ಕ್ಕೆ ಇಳಿಯುತ್ತದೆ, ತೆರಿಗೆ 2,43,216ಕ್ಕೆ ಮಾತ್ರ. ಬರೀ ಎರಡು ವಾರ ತಡ ಮಾಡಿದರೆ 98,304 ರೂಪಾಯಿ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಇವತ್ತೇ ಎಚ್‌ಆರ್‌ಗೆ ಬರೆದು ಜುಲೈ ಮೂರನೇ ವಾರಕ್ಕೆ ಇಡಿಸಿಕೊಳ್ಳಿ. ಇನ್‌ವಾಯ್ಸ್ ಪ್ರತಿಯನ್ನೂ ಕೇಳಿ.

ಮುಂದೆ ನೀವು ಮನೆ ಬಳಕೆಯ ಆ ಕಾರನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಸ್ವಂತ ಬಳಕೆಯ ವಸ್ತು ಅಂತ ಅದನ್ನು ಹೊರಗಿಟ್ಟಿದ್ದಾರೆ. ನಷ್ಟವಾದರೂ ಎಲ್ಲೂ ತೋರಿಸುವ ಹಾಗಿಲ್ಲ.

ಪ್ರಶ್ನೆ: ಅಜ್ಜನ 1968ರ ಅಂಬಾಸಡರ್ ನಮ್ಮ ಕೊಟ್ಟಿಗೆಯಲ್ಲಿದೆ, ಓಡುತ್ತದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿ ಒಳ್ಳೆ ಬೆಲೆಗೆ ಇನ್ಶೂರೆನ್ಸ್ ಮಾಡಿಸಬೇಕು. ಬೆಲೆ ಹೇಗೆ ಕಟ್ಟುತ್ತಾರೆ?
— ಶಿರಸಿಯ ಓದುಗರು

ಉತ್ತರ: ಓದಿ ಖುಷಿಯಾಯಿತು. ಇಷ್ಟು ವರ್ಷ ಕಾಪಾಡಿದ್ದೀರಿ, ಮುಂದೂ ಕಾಪಾಡಿ.

ಮೊದಲು ಬಾನೆಟ್ ಎತ್ತಿ, ಎಂಜಿನ್ ಮೇಲಿನ ನಂಬರನ್ನು ಚಿಂದಿಬಟ್ಟೆಯಿಂದ ಒರೆಸಿ, ಆರ್‌ಸಿ ಜೊತೆ ಹೋಲಿಸಿ. ನಿಮ್ಮದು ಮಾರ್ಕ್ 2, ಮೂಲದಲ್ಲಿ 1489 ಸಿಸಿ ಪೆಟ್ರೋಲ್ ಎಂಜಿನ್. ಡೀಸೆಲ್ ಅಗ್ಗ ಇದ್ದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅದನ್ನು ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದರು. 2021ರ ಕೇಂದ್ರದ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಒಮ್ಮೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಯಂಥ ಕೆಲವಕ್ಕೆ ಮಾತ್ರ ಹೊರಗೆ ತೆಗೆಯಬಹುದು. ಭಾನುವಾರ ಬನವಾಸಿಗೆ ಕುಟುಂಬ ಸಮೇತ ಹೋಗಿ ಬರುವ ಆಸೆ ಇದ್ದರೆ ಈಗಿನ ಆರ್‌ಸಿಯನ್ನೇ ನವೀಕರಿಸಿಕೊಂಡು ಇರಿ. ನನ್ನ ಒಲವು ಅದಕ್ಕೇ.

ವಿಮೆಯಲ್ಲಿ ‘ವಿಂಟೇಜ್’ ಅಂದರೆ ಬೇರೆ. ಅಲ್ಲಿನ ರಿಯಾಯಿತಿ 1940ರ ಅಂತ್ಯಕ್ಕೆ ಮುಂಚೆ ತಯಾರಾದ, ಕ್ಲಬ್ಬಿನ ಪ್ರಮಾಣಪತ್ರ ಇರುವ ಕಾರುಗಳಿಗೆ. ನಿಮಗೆ ಅದು ಸಿಗುವುದಿಲ್ಲ. ಆದರೆ ಬೆಲೆ ಮಾತಾಡಿ ಒಪ್ಪಿಸಿಕೊಳ್ಳಬಹುದು, ಮತ್ತು ಸರಿಯಾದ ವ್ಯಾಲ್ಯುಯರ್ ವರದಿಗೆ ನಿಜವಾದ ಬೆಲೆ ಬರುವುದು ಇಲ್ಲಿ. ಇಂಥ ಕಾರಿಗೆ ಸವಕಳಿ ಪಟ್ಟಿ ಇಲ್ಲ. ಎಷ್ಟು ಮೂಲ ಸ್ಥಿತಿಯಲ್ಲಿದೆ, ಕಾಗದ ಎಷ್ಟು ಪೂರ್ತಿ ಇದೆ, ಅಂಥದ್ದು ಎಷ್ಟಕ್ಕೆ ಮಾರಿದೆ, ಇಷ್ಟೇ. ಅಜ್ಜನ ಕಾಲದ ರಸೀದಿ, ತೆರಿಗೆ ಚೀಟಿ, ಮದುವೆ ಫೋಟೊದಲ್ಲಿ ಕಾರು ಕಂಡರೆ ಅದೂ ಸೇರಲಿ. ಹಳೇ ಕಾರುಗಳನ್ನು ಮೂಲ ರೂಪದಲ್ಲಿ ಹೇಗೆ ಇಡುತ್ತಾರೆ ಅಂತ ನೋಡಲು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಹೊಸದಾಗಿ ಬಣ್ಣ ಹೊಡೆಸುವುದು, ಸೀಟು ಬದಲಿಸುವುದು ಎಲ್ಲ ಅಲ್ಲಿಗೆ ಹೋಗಿ ಬಂದ ಮೇಲೆ.

ಪ್ರಶ್ನೆ: ಅಪಘಾತದ ಕೇಸಿನಲ್ಲಿ ಕಾರು ಪೊಲೀಸ್ ಠಾಣೆ ಮುಂದೆ ಬಿಸಿಲು ಮಳೆಯಲ್ಲಿ ನಿಂತಿದೆ. ಬಿಡಿಸಿಕೊಳ್ಳಲು ಬೆಲೆ ಪತ್ರ ಬೇಕು ಅನ್ನುತ್ತಾರೆ.
— ಕಲಬುರಗಿಯ ಓದುಗರು

ಉತ್ತರ: ಮೊದಲು ಆರ್‌ಟಿಒದ ಮೋಟಾರು ವಾಹನ ನಿರೀಕ್ಷಕರು ಕಾರು ನೋಡಿ ವರದಿ ಕೊಟ್ಟಿದ್ದಾರಾ ಕೇಳಿ. ಅದು ಆಗಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಾತ್ಕಾಲಿಕ ವಶಕ್ಕೆ ಅರ್ಜಿ ಹಾಕಿಸಿ. ಕೋರ್ಟ್ ಬಾಂಡ್ (ಕೇಳಿದಾಗ ಕಾರು ತಂದು ಒಪ್ಪಿಸುವ ಮುಚ್ಚಳಿಕೆ) ಕೇಳುತ್ತದೆ, ಬೆಲೆ ಬೇಕಾಗುವುದು ಅದಕ್ಕೆ. ಆರ್‌ಸಿ, ಚಾಲ್ತಿ ಪಾಲಿಸಿಯ ಐಡಿವಿ, ನಿರೀಕ್ಷಕರ ವರದಿ ಇಡಿ. ಮೊತ್ತ ನ್ಯಾಯಾಧೀಶರ ತೀರ್ಮಾನ. ಜಪ್ತಿಯಾದ ಗಾಡಿಗಳನ್ನು ಠಾಣೆಯಲ್ಲಿ ಬಹಳ ದಿನ ಕೊಳೆಯಲು ಬಿಡಬಾರದು, ಫೋಟೊ, ಪಂಚನಾಮೆ, ಬಾಂಡ್ ಮಾಡಿಸಿಕೊಂಡು ಕೊಡಬೇಕು ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ ಅದು ಗೊತ್ತಿರುತ್ತದೆ, ನೀವೂ ನೆನಪಿಸಿ.

ಪ್ರಶ್ನೆ: ಬೇಸ್‌ಮೆಂಟಿಗೆ ನೀರು ನುಗ್ಗಿ ಕಾರು ಸೀಟಿನವರೆಗೆ ಮುಳುಗಿತ್ತು. ಹಳೇ ಕಾರು ಕೊಳ್ಳುವ ಆ್ಯಪ್‌ನಲ್ಲಿ ನನ್ನ ಕಾರಿಗೆ ಒಳ್ಳೆ ಬೆಲೆ ತೋರಿಸುತ್ತದೆ. ಅದರ ಸ್ಕ್ರೀನ್‌ಶಾಟ್ ಕ್ಲೇಮಿಗೆ ಸಾಕಾ?
— ಬೆಂಗಳೂರಿನ ಓದುಗರು

ಉತ್ತರ: ಸಾಲದು. ಅದು ಕಾರನ್ನು ನೋಡದೆ ಹೇಳಿದ ಅಂದಾಜು. ಕ್ಲೇಮಿನಲ್ಲಿ ನಡೆಯುವುದು ಐಡಿವಿ ಮಾತ್ರ.

ನಿಮಗೆ ಈಗ ಬೇಕಾದದ್ದು ಬೇರೆ. ಕೀ ತಿರುಗಿಸಬೇಡಿ. ಎಂಜಿನ್ ಒಳಗೆ ನೀರು ಇದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಒತ್ತಲು ಗಾಳಿ ಇರುವುದಿಲ್ಲ, ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ಕಂಪನಿಯವರು ಇದು ಪ್ರವಾಹದಿಂದ ಆದದ್ದಲ್ಲ, ನೀವೇ ಮಾಡಿಕೊಂಡದ್ದು ಅನ್ನುತ್ತಾರೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ ಆ ವಾದ ಗೆಲ್ಲುವುದು ಕಷ್ಟ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಒಳಗೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಕೆಸರಿನ ಗೆರೆ ಬಾಗಿಲಿನ ಒಳಬದಿಯಲ್ಲಿ ಇರುತ್ತದೆ, ತೊಳೆಯುವ ಮುಂಚೆ ಅದರ ಫೋಟೊ ತೆಗೆಯಿರಿ. ಡ್ಯಾಶ್‌ಬೋರ್ಡ್‌ವರೆಗೆ ಹೋಗಿತ್ತಾ, ಸೀಟಿನವರೆಗೆ ಮಾತ್ರವಾ ಅನ್ನುವುದರ ಮೇಲೆ ಸರ್ವೇಯರ್ ಲೆಕ್ಕ ನಿಲ್ಲುತ್ತದೆ. ಕಂಪನಿಗೆ ಇವತ್ತೇ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ, ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಕಳಿಸಿ.